ಚೀಲ ಬಿಚ್ಚದ ಎಮಿಲ್

ಎಮಿಲ್ ಕುಚೆರಾ ಲೋಕವನ್ನು ತಲೆಕೆಳಗಾಗಿ ನೋಡಿಯೇ ಹೊಟ್ಟೆ ಹೊರೆದವನು. ಇದು ಅಲಂಕಾರದ ಮಾತಲ್ಲ. ನಮ್ಮ ಅಮೆರಿಕದಲ್ಲಿ ಫುಟ್ಬಾಲ್ ಎಂಬುದು ಹೆಸರಿಗೆ ಮಾತ್ರ ಕಾಲಿನ ಆಟ. ಕೈಗೂ ಭುಜಕ್ಕೂ ಇರುವ ಕೆಲಸ ಅದರಲ್ಲಿ ಕಾಲಿಗಿಲ್ಲ. ಕಾಲಿಗೂ ಸರದಿ ಬರುವ ಅಪರೂಪದ ಗಳಿಗೆಗಳಲ್ಲಿ, ಒದೆಯುವವನು ದೂರದಲ್ಲಿ ಹಿಂದೆ ನಿಂತು ಕಾಯುತ್ತಿರುವಾಗ, ಮುಂದಿನ ಸಾಲಿನ ನಟ್ಟನಡುವೆ ಒಬ್ಬನು ಸೊಂಟ ಬಗ್ಗಿಸಿ, ತನ್ನೆರಡು ಕಾಲುಗಳ ಸಂದಿಯಿಂದ ಹಿಂದಕ್ಕೆ ದಿಟ್ಟಿಸಿ, ಚೆಂಡನ್ನು ನೇರವಾಗಿ ಅವನ ಕೈಗೆ ಎಸೆಯಬೇಕು. ಎಸೆದ ಮರುಕ್ಷಣ ಎದುರಾಳಿಗಳು ಬಂದು ಆ ಬಾಗಿದ ಕುತ್ತಿಗೆಯ ಮೇಲೆಯೇ ಬೀಳುತ್ತಾರೆ. ಎಮಿಲ್ ಮಾಡುತ್ತಿದ್ದುದು ಅದೊಂದೇ ಕೆಲಸ. ಪಂದ್ಯದಲ್ಲಿ ಹತ್ತೋ ಹನ್ನೆರಡೋ ಬಾರಿ ಬಗ್ಗುತ್ತಿದ್ದ, ಎಸೆಯುತ್ತಿದ್ದ, ಪೆಟ್ಟು ತಿನ್ನುತ್ತಿದ್ದ, ಎದ್ದು ಮಣ್ಣು ಕೊಡವಿಕೊಂಡು ಬಂದು ಬೆಂಚಿನ ತುದಿಯಲ್ಲಿ ಕೂರುತ್ತಿದ್ದ.

ಅವನು ನಮ್ಮ ಮಹಡಿಯ ಕೋಣೆಗೆ ಬಾಡಿಗೆಗೆ ಬಂದ ವರ್ಷ, ಮೊದಲ ಹಿಮ ಬಿದ್ದ ಬೆಳಗ್ಗೆ, ನನ್ನ ಹೆಂಡತಿ ವಿಲ್ಮಾ ಅಡುಗೆಮನೆಯ ಕಿಟಕಿಯ ಬಳಿ ನನ್ನನ್ನು ಕರೆದಳು. ಹಿತ್ತಲಿನಲ್ಲಿ ಎಮಿಲ್ ತಲೆ ಕೆಳಗೆ ಮಾಡಿ, ಕಾಲುಗಳ ನಡುವಿನಿಂದ ಆಕಾಶ ನೋಡುತ್ತ, ಅಲುಗಾಡದೆ ನಿಂತಿದ್ದ. ಕೈಯಲ್ಲಿ ಚೆಂಡೂ ಇರಲಿಲ್ಲ.

“ಸೊಂಟ ಹಿಡ್ಕೊಂಡಿರ್ಬೇಕು, ಹೋಗಿ ನೋಡಿ,” ಎಂದಳು ವಿಲ್ಮಾ.

ನಾನು ಚಪ್ಪಲಿಯಲ್ಲೇ ಹೊರಗೆ ಹೋಗಿ ಏನಾಯಿತೆಂದು ಕೇಳಿದೆ.

“ಏನಿಲ್ಲ ಸರ್. ಇಲ್ಲಿಂದ ನೋಡಿದ್ರೆ ಹಿಮ ಕೆಳಗೆ ಬೀಳಲ್ಲ, ಮೇಲಕ್ಕೆ ಹೋಗುತ್ತೆ,” ಎಂದ, ತಲೆ ಎತ್ತದೆ. “ಚೆನ್ನಾಗಿದೆ. ಸದ್ಯಕ್ಕೆ.”

ಈ ‘ಸದ್ಯಕ್ಕೆ’ ಅವನ ಮಾತಿನ ಬಾಲ. ಊಟ ಹೇಗಿದೆಯೆಂದರೆ ಚೆನ್ನಾಗಿದೆ ಸದ್ಯಕ್ಕೆ, ಮೊಣಕಾಲು ಹೇಗಿದೆಯೆಂದರೆ ಪರವಾಗಿಲ್ಲ ಸದ್ಯಕ್ಕೆ, ಯಾವ ಊರಿನವನಪ್ಪಾ ಎಂದು ಪಕ್ಕದ ಮನೆಯವರು ಕೇಳಿದರೆ “ನೆಬ್ರಾಸ್ಕಾ. ಇಲ್ಲೇ ಇದೀನಿ, ಸದ್ಯಕ್ಕೆ.” ವಿಲ್ಮಾಳಿಗೆ ಈ ಮಾತು ಕೇಳಿದರೆ ಮೈ ಉರಿಯುತ್ತಿತ್ತು. “ನಿನ್ನ ಸದ್ಯಕ್ಕೆಗೆ ಬೆಂಕಿ ಬೀಳ್ಲಿ,” ಎನ್ನುತ್ತ ಅವನ ತಟ್ಟೆಗೆ ಇನ್ನೊಂದು ತುಂಡು ಮೀನು ಹಾಕುತ್ತಿದ್ದಳು.

ನಾನು ಸರೋವರದ ದಂಡೆಯ ನಮ್ಮ ಊರಿನ ಪತ್ರಿಕೆಗೆ ಬಹುಕಾಲ ಪಂದ್ಯಗಳ ವರದಿ ಬರೆದವನು. ಆಟಗಾರರನ್ನು ಬಹಳ ನೋಡಿದ್ದೇನೆ. ಅವರು ನಡೆಯುವ ರೀತಿಯಲ್ಲೇ ಯಾರ ಬೆಲೆ ಎಷ್ಟೆಂದು ಗೊತ್ತಾಗುತ್ತದೆ. ಬೆಲೆಯುಳ್ಳವರು ಕ್ಲಬ್ಬಿನ ಓಣಿಯ ನಡುವೆ ನಡೆಯುತ್ತಾರೆ. ಎಮಿಲ್ ಅಷ್ಟು ದೊಡ್ಡ ದೇಹವನ್ನು ಹೊತ್ತುಕೊಂಡೂ ಗೋಡೆಯ ಪಕ್ಕಕ್ಕೆ, ಒಂದು ಭುಜ ಮುಂದೆ ಮಾಡಿ, ಎದುರಿನಿಂದ ಯಾರೋ ದೊಡ್ಡವರು ಬರುತ್ತಿದ್ದಾರೆ ಎಂಬ ಹಾಗೆ ಸರಿದು ಸರಿದು ನಡೆಯುತ್ತಿದ್ದ. ನಮ್ಮ ಮನೆಯ ಮೆಟ್ಟಿಲಲ್ಲಿ ಎದುರಿಗೆ ನಮ್ಮ ಬೆಕ್ಕು ಬಂದರೂ ದಾರಿ ಬಿಡುತ್ತಿದ್ದ.

ಅವನ ಕೋಟಿನ ಕತೆ ಬೇರೆ. ಕಂದು ಬಣ್ಣದ ದಪ್ಪ ಕ್ಯಾನ್ವಾಸಿನ ಕೋಟು ಅದು. ನೆಬ್ರಾಸ್ಕಾದಲ್ಲಿ ಧಾನ್ಯದ ಗೋದಾಮಿನ ವೇಬ್ರಿಡ್ಜಿನಲ್ಲಿ ಲಾರಿ ತೂಗುವ ಕೆಲಸದ ಅವನ ತಂದೆ ತೊಟ್ಟು ಸವೆಸಿ ಮಗನಿಗೆ ಕೊಟ್ಟದ್ದು. ಎದೆಯ ಮೇಲೆ ಕೆಂಪು ದಾರದಲ್ಲಿ ‘ಸ್ಟ್ಯಾನ್’ ಎಂದು ತಂದೆಯ ಹೆಸರಿತ್ತು. ಅದನ್ನು ಓದಿಕೊಂಡು ಮೈದಾನದ ಕಾವಲುಗಾರ ದಿನ ಬೆಳಗಾದರೆ “ನಮಸ್ಕಾರ ಸ್ಟ್ಯಾನ್” ಎನ್ನುತ್ತಿದ್ದ. ಇವನು ನಮಸ್ಕಾರ ಎಂದು ಒಳಗೆ ಹೋಗುತ್ತಿದ್ದ. ವರ್ಷಗಟ್ಟಲೆ ಹೀಗೆಯೇ ನಡೆಯಿತು. ನಿನ್ನ ಹೆಸರು ಅದಲ್ಲವೆಂದು ಹೇಳಬಾರದೇನಯ್ಯ ಎಂದರೆ, “ಪಾಪ, ಅಭ್ಯಾಸ ಆಗಿದೆ ಅವರಿಗೆ. ಈಗ ಹೇಳಿದ್ರೆ ಬೇಜಾರ್ ಮಾಡ್ಕೋತಾರೆ,” ಎಂದ.

ಹೆಸರಿನ ವಿಷಯದಲ್ಲಿ ಅವನು ಹೀಗೆ ಧಾರಾಳಿಯಾದದ್ದಕ್ಕೆ ಕಾರಣವಿದೆ. ಪ್ರತಿ ವಸಂತದಲ್ಲಿ ಕ್ಲಬ್ಬುಗಳೆಲ್ಲ ಒಂದು ಕಡೆ ಕೂಡಿ, ಕಾಲೇಜು ಮುಗಿಸಿದ ಹುಡುಗರಲ್ಲಿ ತಮಗೆ ಬೇಕಾದವರ ಹೆಸರನ್ನು ಒಂದೊಂದಾಗಿ ಕೂಗಿ ಆರಿಸಿಕೊಳ್ಳುತ್ತವೆ. ಇಡೀ ದೇಶ ಅದನ್ನು ಟಿವಿಯಲ್ಲಿ ನೋಡುತ್ತದೆ. ಎಮಿಲನ ಸರದಿಯ ವರ್ಷ ಅವನ ತಾಯಿ ಒಣ ಪ್ಲಮ್ ತುಂಬಿದ ಸಿಹಿ ಕೊಲಾಚಿಗಳನ್ನು ಬುಟ್ಟಿಗಟ್ಟಲೆ ಬೇಯಿಸಿದ್ದಳಂತೆ. ಬೀದಿಯವರೆಲ್ಲ ಬಂದು ನೆಲದ ಮೇಲೂ ಕುಳಿತಿದ್ದರಂತೆ. ಮೊದಲ ದಿನ ಯಾರೂ ನಿರೀಕ್ಷಿಸಿರಲಿಲ್ಲ. ಎರಡನೆಯ ದಿನ ಸ್ವಲ್ಪ ನಿರೀಕ್ಷಿಸಿದರು. ಮೂರನೆಯ ದಿನ ಕೊಲಾಚಿ ಮುಗಿಯಿತು, ಹೆಸರುಗಳೂ ಮುಗಿದವು, ಜನ ಒಬ್ಬೊಬ್ಬರೇ ಎದ್ದು ಟೋಪಿ ಹುಡುಕಿಕೊಂಡರು. ತಂದೆ ಟಿವಿ ಆರಿಸಿ “ಕರೀಲಿಲ್ಲ ಕಣೋ” ಎಂದನಂತೆ. ಅದಕ್ಕಿಂತ ಹೆಚ್ಚು ಮಾತನಾಡುವ ಮನುಷ್ಯನಲ್ಲ ಆತ.

ಹೆಸರು ಕರೆಸಿಕೊಳ್ಳದವರಿಗೂ ಒಂದು ಹಿತ್ತಲ ಬಾಗಿಲಿದೆ. ಬೇಸಿಗೆಯ ತಾಲೀಮಿಗೆ ಜನ ಸಾಲದೆ ಬಂದಾಗ ಯಾವುದಾದರೂ ಕ್ಲಬ್ಬು ಫೋನ್ ಮಾಡಿ ಬಂದು ನೋಡು ಎನ್ನುತ್ತದೆ. ಬೇಸಿಗೆಯ ಕೊನೆಗೆ, ಆಗಸ್ಟ್ ಮುಗಿಯುವ ಒಂದು ದಿನ, ಬೇಡವಾದವರನ್ನೆಲ್ಲ ತೆಗೆದುಹಾಕುತ್ತದೆ. ಆ ದಿನ ಆಟಗಾರರೆಲ್ಲ ತಮ್ಮ ತಮ್ಮ ಕಪಾಟಿನ ಮುಂದೆ ಮಾತಿಲ್ಲದೆ ಕೂತಿರುತ್ತಾರೆ. ಕ್ಲಬ್ಬಿನ ಒಬ್ಬ ನೌಕರ ಅವರ ನಡುವೆ ಸುತ್ತುತ್ತ ಬಂದು ಯಾರದೋ ಭುಜ ಮುಟ್ಟಿ, “ಕೋಚ್ ಕರೀತಿದಾರೆ. ಪುಸ್ತಕ ತಗೊಂಡ್ ಬಾ,” ಎನ್ನುತ್ತಾನೆ. ಪುಸ್ತಕವೆಂದರೆ ತಂಡದ ತಂತ್ರಗಳೆಲ್ಲ ಇರುವ ದಪ್ಪ ಕಡತ. ಹೋಗುವವನು ಅದನ್ನು ಹಿಂದಿರುಗಿಸಿ ಹೋಗಬೇಕು. ಹೀಗಾಗಿ ಅಲ್ಲಿ ಇನ್ನಾವ ವಿವರಣೆಯೂ ಬೇಕಾಗುವುದಿಲ್ಲ. ಆ ನೌಕರನಿಗೆ ಆಟಗಾರರು ಇಟ್ಟ ಹೆಸರು ಕೊಡಲಿ. ನಮ್ಮ ಕ್ಲಬ್ಬಿನ ಕೊಡಲಿ ಪೆಲ್ ಎಂಬಾತ ಒಂದು ಕಾಲಕ್ಕೆ ಇದೇ ತಂಡದ ಆಟಗಾರನಾಗಿದ್ದವನು. ಕೊಡಲಿ ಕಾವು ಕುಲಕ್ಕೆ ಸಾವು ಎಂಬುದನ್ನು ಅವನನ್ನು ನೋಡಿಯೇ ಹೇಳಿದ್ದಾರೆ ಎನ್ನಿಸುತ್ತಿತ್ತು.

ನಮ್ಮ ಊರಿಗೆ ಬರುವ ಮೊದಲು ಮೂರು ಊರುಗಳಲ್ಲಿ ಮೂರು ಕೊಡಲಿಗಳು ಎಮಿಲನ ಭುಜ ಮುಟ್ಟಿದ್ದವು. ಮೂರು ಸಲವೂ ಅವನು ಪುಸ್ತಕ ಹಿಡಿದು ಒಳಗೆ ಹೋಗಿ, “ನೀನು ಒಳ್ಳೆಯವನು, ಆದರೆ” ಎಂದು ಶುರುವಾಗುವ ಮಾತನ್ನು ಪೂರ್ತಿ ಕೇಳಿಸಿಕೊಂಡು, ಕೈಕುಲುಕಿ ಬಂದಿದ್ದ. ಒಂದು ಊರಿನಲ್ಲಂತೂ ಅವನು ಹಿಂದಿನ ದಿನವಷ್ಟೇ ಮಂಚ, ಮೇಜು, ದೀಪಗಳನ್ನು ಕೊಂಡು ಕೋಣೆ ಸಜ್ಜು ಮಾಡಿಕೊಂಡಿದ್ದನಂತೆ. ಆಮೇಲೆ ಅವನು ಎಲ್ಲಿಯೂ ಏನನ್ನೂ ಕೊಳ್ಳಲಿಲ್ಲ. ನಮ್ಮ ಮನೆಗೆ ಬಂದದ್ದು ಒಂದು ಹಸಿರು ಚೀಲ ಹಿಡಿದು. ಆ ಚೀಲವನ್ನು ಬಾಗಿಲ ಪಕ್ಕದಲ್ಲಿ ಇಟ್ಟವನು ಅದನ್ನು ಬಿಚ್ಚಿ ಜೋಡಿಸಲೇ ಇಲ್ಲ. ಬೇಕಾದ ಅಂಗಿ ಅದರಿಂದ ತೆಗೆಯುತ್ತಿದ್ದ, ಒಗೆದು ಮಡಿಸಿ ಅದಕ್ಕೇ ಹಾಕುತ್ತಿದ್ದ. ವಿಲ್ಮಾ ಆ ಕೋಣೆಯಲ್ಲಿ ತನ್ನ ತಾಯಿಯ ಕಾಲದ ಡ್ರಾಯರುಗಳ ಬೀರುವನ್ನು ಇರಿಸಿ, ಒಳಗೆಲ್ಲ ಹೂವಿನ ಕಾಗದ ಹಾಸಿದ್ದಳು. ಅದು ಖಾಲಿಯಾಗಿಯೇ ಉಳಿಯಿತು; ಕೆಳಗಿನ ಡ್ರಾಯರಿನಲ್ಲಿ ಬೆಕ್ಕು ಮಲಗತೊಡಗಿತು.

“ಆ ಬೀರುಗೇನು ಸಿಡುಬಾಗಿದ್ಯಾ?” ಎಂದು ಅವಳು ಒಂದು ದಿನ ಕೇಳಿಯೇ ಬಿಟ್ಟಳು.

“ಇಲ್ಲ ಅಮ್ಮಾ, ಬೀರು ಚೆನ್ನಾಗಿದೆ. ಬಟ್ಟೆ ಜೋಡಿಸಿದ್ರೆ ಭುಜ ಮುಟ್ತಾರೆ.”

“ಯಾರು ಮುಟ್ಟೋದು? ಬರ್ಲಿ ಇಲ್ಲಿಗೆ, ಬಾಣಲೆ ತಗೊಂಡ್ ನಾನೂ ಮುಟ್ತೀನಿ.”

ನಾವು ನಕ್ಕೆವು, ಅವನೂ ನಕ್ಕ. ಆದರೆ ಚೀಲ ಇದ್ದಲ್ಲೇ ಇತ್ತು. ಒಂದು ವರ್ಷ, ಎರಡು ವರ್ಷ, ಐದು ವರ್ಷ. ಪ್ರತಿ ಆಗಸ್ಟಿನ ಆ ದಿನ ಅವನು ಬೆಳಗ್ಗೆ ಏನೂ ತಿನ್ನದೆ ಹೋಗಿ, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕಪಾಟಿನ ಮುಂದೆ ಕೂತು, ಗಡುವು ಮುಗಿದ ಮೇಲೆ ಮನೆಗೆ ಬಂದು ಮೂರಾಳಿನ ಊಟ ಮಾಡುತ್ತಿದ್ದ. ಆ ಊಟದ ಹೊತ್ತಿನಲ್ಲಿ ಮಾತ್ರ ಅವನ ಮುಖ ನೋಡಲು ಚೆನ್ನಾಗಿರುತ್ತಿತ್ತು. ಅವನಿಗೆ ಬೇಕಾಗಿದ್ದುದು ಹಣವಲ್ಲ, ಖ್ಯಾತಿಯಲ್ಲ. ಇಲ್ಲಿ ನೀನು ಇರು ಎಂದು ಯಾರಾದರೂ ಒಮ್ಮೆ ಬಾಯಿಬಿಟ್ಟು ಹೇಳಬೇಕು ಎಂಬುದಷ್ಟೇ ಬೇಕಿತ್ತು. ಈವರೆಗೆ ಅವನಿಗೆ ಸಿಕ್ಕಿದ್ದುದು ಹೋಗು ಎಂದು ಹೇಳದಿರುವ ಮೌನ ಮಾತ್ರ.

ಖ್ಯಾತಿಯ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಸರೋವರದ ಗಾಳಿ ಮನುಷ್ಯರನ್ನೇ ಎತ್ತಿ ಒಗೆಯುವಂತಿದ್ದ ಒಂದು ಡಿಸೆಂಬರಿನ ಪಂದ್ಯದಲ್ಲಿ, ಇವನ ಎಸೆತ ಒಂದೂ ತಪ್ಪದೆ ಹೋಗಿ, ಕೊನೆಯ ಒದೆತದಿಂದ ನಾವು ಗೆದ್ದೆವು. ಒದೆದವನನ್ನು ಜನ ಹೆಗಲ ಮೇಲೆ ಹೊತ್ತರು. ಮರುದಿನದ ವರದಿಯಲ್ಲಿ ನಿನ್ನ ಹೆಸರನ್ನೂ ಬರೆಯುತ್ತೇನೆಂದು ನಾನು ಹೇಳಿದಾಗ ಅವನು ಕಂಗಾಲಾದ.

“ಬೇಡ ಸರ್. ನನ್ನ ಕೆಲಸದೋರ ಹೆಸರು ಪೇಪರಲ್ಲಿ ಬರೋದು ಎಸೆತ ತಪ್ಪಿದಾಗ ಮಾತ್ರ. ನೋಡಿದ ತಕ್ಷಣ ನಮ್ಮಮ್ಮ ಅಳೋಕೆ ಶುರು ಮಾಡ್ತಾಳೆ.”

ನಾನು ಬರೆಯಲಿಲ್ಲ. ಅವನ ತಾಯಿ ಆ ಭಾನುವಾರವೂ ನೆಮ್ಮದಿಯಾಗಿದ್ದಳು.

ಆರನೆಯ ಆಗಸ್ಟಿನ ಹೊತ್ತಿಗೆ ಪೆಲ್ ನಿವೃತ್ತನಾಗಿ, ಅವನ ಜಾಗಕ್ಕೆ ಕಾರ್ವರ್ ಎಂಬ ನಡುವಯಸ್ಸಿನವನು ಬಂದಿದ್ದ. ದೊಡ್ಡ ಹೋಟೆಲೊಂದರಲ್ಲಿ ಅತಿಥಿಗಳನ್ನು ಬರಮಾಡಿಕೊಳ್ಳುವ ಕೆಲಸದಲ್ಲಿದ್ದವನು. ಬಹಳ ವಿನಯ, ಬಹಳ ಮೆಲುದನಿ, ಆಟದ ಗಂಧಗಾಳಿಯಿಲ್ಲ. ಆ ದಿನ ಮಧ್ಯಾಹ್ನ ಅವನು ಎಮಿಲನ ಬಳಿಗೆ ಬಂದು, ಭುಜವನ್ನು ಹೂವಿನಂತೆ ಮುಟ್ಟಿ, “ಕೋಚ್ ಕರೀತಿದಾರೆ. ಪುಸ್ತಕ ತಗೊಂಡ್ ಬನ್ನಿ,” ಎಂದ.

ಎಮಿಲ್ ಎದ್ದ. ಗೋಡೆಯ ಪಕ್ಕದಲ್ಲಿ ಸರಿಯುತ್ತ ಹೋಗಿ ಕೋಚ್ ಬ್ರಾನಿಗನ್ನನ ಬಾಗಿಲವರೆಗೂ ತಲುಪಿದ. ಬ್ರಾನಿಗನ್ ಕಣ್ಣೀರಿನ ಮನುಷ್ಯ. ಆಟಗಾರರನ್ನು ಕಳಿಸಿಕೊಡುವ ದಿನ ಅವನ ಕರವಸ್ತ್ರ ಒದ್ದೆಯಾಗುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು. ಅವನಿಗೆ ಆ ಕಷ್ಟ ಯಾಕೆ, ನಾಲ್ಕನೆಯ ಬಾರಿ ಆ ‘ಆದರೆ’ಯನ್ನು ಕೇಳುವ ಕಷ್ಟ ತನಗಾದರೂ ಯಾಕೆ ಎಂದುಕೊಂಡು, ಬಾಗಿಲ ಹೊರಗಿನ ಕುರ್ಚಿಯ ಮೇಲೆ ಪುಸ್ತಕವನ್ನು ಇಟ್ಟು, ಅಂಚು ಸರಿಮಾಡಿ, ಹೊರಟುಬಿಟ್ಟ. ಮನೆಗೆ ಬಂದು ಚೀಲ ಎತ್ತಿಕೊಳ್ಳಲು ಅವನಿಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಇಷ್ಟು ವರ್ಷ ಅದು ಸಿದ್ಧವಾಗಿಯೇ ಇತ್ತಲ್ಲ.

“ಬರ್ತೀನಿ ಅಮ್ಮಾ. ಬರ್ತೀನಿ ಸರ್. ಮುಗೀತು,” ಎಂದ ಅಡುಗೆಮನೆಯ ಬಾಗಿಲಲ್ಲಿ ನಿಂತು.

ವಿಲ್ಮಾ ಕೈಯಲ್ಲಿದ್ದ ಚಾಕು ಕೆಳಗಿಟ್ಟಳು. “ಮುಗೀತಾ? ಸದ್ಯಕ್ಕೆ ತಾನೇ?”

“ಇಲ್ಲ ಅಮ್ಮಾ. ಮುಗೀತು ಅಷ್ಟೇ.”

ಬಾಲವಿಲ್ಲದ ಮಾತನ್ನು ಅವನ ಬಾಯಿಂದ ನಾವು ಕೇಳಿದ್ದು ಅದೇ ಮೊದಲು. ಅವನ ಹಳೆಯ ಪಿಕಪ್ ಬೀದಿಯ ತಿರುವು ದಾಟುವವರೆಗೂ ವಿಲ್ಮಾ ಜಗುಲಿಯಲ್ಲಿ ನಿಂತಿದ್ದು, ಒಳಗೆ ಬಂದು, ಹೆಚ್ಚುತ್ತಿದ್ದ ಈರುಳ್ಳಿಯ ನೆಪದಲ್ಲಿ ಅತ್ತಳು.

ಸಂಜೆ ನಮ್ಮ ಬಾಗಿಲು ಬಡಿದವನು ಕೋಚ್ ಬ್ರಾನಿಗನ್. ಮುಖ ಕೆಂಪಗೆ, ಕಂಕುಳಲ್ಲಿ ಎಮಿಲನ ಪುಸ್ತಕ.

“ಎಲ್ಲಿದಾನೆ ಆ ಪೆದ್ದ?”

“ಓಡ್ಸಿದೋರೂ ನೀವೇ, ಹುಡುಕೋರೂ ನೀವೇ,” ಎಂದಳು ವಿಲ್ಮಾ, ದಾರಿ ಬಿಡದೆ.

ಆಮೇಲೆ ಅವನು ನಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂತು ಹೇಳಿದ್ದು ಇಷ್ಟು. ಆ ಬೆಳಗ್ಗೆ ಆಟಗಾರರು ಈ ವರ್ಷದ ನಾಯಕರನ್ನು ಮತ ಹಾಕಿ ಆರಿಸಿದ್ದರು. ಒದೆತದ ಹೊತ್ತಿಗೆ ಮೈದಾನಕ್ಕಿಳಿಯುವ ಪಡೆಗೆ ನಾಯಕನೆಂದು ಹೆಚ್ಚುಕಡಿಮೆ ಎಲ್ಲರೂ ಬರೆದದ್ದು ಎಮಿಲನ ಹೆಸರನ್ನು. ಅದನ್ನು ತಿಳಿಸಲೆಂದು ಅವನನ್ನು ಕರೆದು ತಾ ಎಂದು ಕೋಚ್ ಕಾರ್ವರನನ್ನು ಕಳಿಸಿದ್ದ. ಪುಸ್ತಕ ತರಲು ಅವನು ಹೇಳಿಯೇ ಇರಲಿಲ್ಲ. ವಿಚಾರಿಸಿದರೆ ಕಾರ್ವರ್ ಕೈ ಹೊಸೆಯುತ್ತ, “ಜನಾನ ಕರೆಯೋಕೆ ನಂಗೆ ಹೇಳ್ಕೊಟ್ಟಿದ್ದೇ ಅದೊಂದು ಮಾತು ಸರ್,” ಎಂದನಂತೆ.

ವಿಲ್ಮಾ ಮೇಜಿನ ಮೇಲಿದ್ದ ಪುಸ್ತಕವನ್ನು ಪಕ್ಕಕ್ಕೆ ತಳ್ಳಿದಳು. “ಮನುಷ್ಯನ್ನ ಕಳಿಸೋಕೂ ಅದೇ ಮಾತು, ಕೂರಿಸೋಕೂ ಅದೇ ಮಾತಾ ನಿಮ್ಮಲ್ಲಿ?”

“ಹತ್ತು ವರ್ಷ ಆಯ್ತು ಅಮ್ಮಾ ನಾನಿಲ್ಲಿ,” ಎಂದ ಬ್ರಾನಿಗನ್. “ಆ ದಿನ ಆ ಬಾಗ್ಲಿಗೆ ಒಬ್ಬನ್ನೂ ಒಳ್ಳೇದಕ್ಕೆ ಕರೆಸಿರ್ಲಿಲ್ಲ. ಇದೇ ಮೊದಲು. ನಮಗೂ ಅಭ್ಯಾಸ ಇಲ್ಲ.” ಕರವಸ್ತ್ರ ಹೊರಬಂತು.

ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರದ ಕಾಲ. ದಾರಿಯಲ್ಲಿರುವವನನ್ನು ಹಿಡಿಯುವ ಉಪಾಯವಿರಲಿಲ್ಲ. ನಾನು ನೆಬ್ರಾಸ್ಕಾಕ್ಕೆ ಫೋನ್ ಮಾಡಿ ಅವನ ತಂದೆಗೆ ವಿಷಯ ತಿಳಿಸಿದೆ. ಆತ ಎಲ್ಲ ಕೇಳಿಕೊಂಡು, “ಸರಿ,” ಎಂದು ಇಟ್ಟುಬಿಟ್ಟ.

ಎಮಿಲ್ ಮಾತ್ರ ಏನೂ ತಿಳಿಯದೆ ಪಡುವಣಕ್ಕೆ ಹೋಗುತ್ತಿದ್ದ. ಆ ಪ್ರಯಾಣದ ಬಗ್ಗೆ ಅವನು ನನಗೆ ಬಹುಕಾಲದ ಮೇಲೆ, ಅದೂ ನಾನು ಕೆದಕಿದ ಮೇಲೆ ಹೇಳಿದ. ದಾರಿಯ ಎರಡೂ ಕಡೆ ಮೆಕ್ಕೆಜೋಳ ಆಳೆತ್ತರ ನಿಂತಿತ್ತಂತೆ. ಒಂದು ರಾಜ್ಯ ಮುಗಿದು ಇನ್ನೊಂದು ಶುರುವಾದರೂ ಅದೇ ಜೋಳ, ಅದೇ ಗಾಳಿ, ತಾನು ಮುಂದೆ ಹೋಗುತ್ತಿದ್ದೇನೋ ನಿಂತಲ್ಲೇ ನಿಂತು ನೆಲ ಹಿಂದೆ ಸರಿಯುತ್ತಿದೆಯೋ ತಿಳಿಯದ ಹಾಗೆ ಒಂದು ಜೊಂಪು. ಬೆಳಗಿನ ಬೆಳಕು ಹರಿಯುವಾಗ ಒಂದು ಕಡೆ ಗಾಡಿ ನಿಲ್ಲಿಸಿ ಇಳಿದು, ಮೈ ಸಡಿಲಿಸಲೆಂದು ಅಭ್ಯಾಸಬಲದಿಂದ ಬಗ್ಗಿ ಹಿಂದಕ್ಕೆ ನೋಡಿದನಂತೆ. ಕೆಳಗೆಲ್ಲ ನಸುಗೆಂಪಿನ ಆಕಾಶ ಕೆರೆಯಂತೆ ಹರಡಿತ್ತು. ಅದರ ಮೇಲೆ ಜೋಳದ ಹೊಲಗಳು ಇಬ್ಬನಿ ತೊಟ್ಟಿಕ್ಕುತ್ತ ತೂಗಿಕೊಂಡಿದ್ದವು, ಮೋಡಗಳು ಅವುಗಳ ಬೇರು ಹುಡುಕುವ ಹಾಗೆ ನಿಧಾನವಾಗಿ ಸರಿಯುತ್ತಿದ್ದವು.

“ತುಂಬ ಚೆನ್ನಾಗಿತ್ತು ಸರ್,” ಎಂದ ಎಮಿಲ್. “ಆದ್ರೆ ಎಲ್ಲ ಸಲ ಹಾಗೆ ನೋಡ್ದಾಗ ಹಿಂದೆ ಒಬ್ಬ ಕೈ ಚಾಚಿ ಕಾಯ್ತಿರ್ತಾನೆ. ಅವತ್ತು ಯಾರೂ ಇರ್ಲಿಲ್ಲ.”

ಊರು ಸೇರಿದವನು ಮನೆಗೆ ಹೋಗಲು ಧೈರ್ಯವಾಗದೆ ಮೊದಲು ಗೋದಾಮಿಗೆ ಹೋದ. ಕಟಾವು ಇನ್ನೂ ಶುರುವಾಗದೆ ವೇಬ್ರಿಡ್ಜು ಖಾಲಿಯಿತ್ತು; ಹುಡುಗನಾಗಿದ್ದಾಗ ಮಾಡುತ್ತಿದ್ದಂತೆ ಪಿಕಪ್ಪನ್ನು ಅದರ ಮೇಲೆಯೇ ತಂದು ನಿಲ್ಲಿಸಿದ. ತಂದೆ ತೂಕದ ಕೋಣೆಯ ಕಿಟಕಿ ತೆರೆದು ಮಗನನ್ನೂ, ಪಕ್ಕದ ಸೀಟಿನಲ್ಲಿದ್ದ ಹಸಿರು ಚೀಲವನ್ನೂ ನೋಡಿದ.

“ಎಮಿಲ್, ನಿನ್ನ ಹೆಸರು ಕರೆದಿದಾರೆ ಕಣೋ.”

ಮಗನಿಗೆ ಅರ್ಥವಾಗಲಿಲ್ಲ. ಇದ್ದ ವಿಷಯವನ್ನು ಆ ಮಿತಮಾತಿನ ಮನುಷ್ಯ ಪೂರ್ತಿಯಾಗಿ, ತಡವರಿಸುತ್ತ, ಮೊದಲಿನಿಂದ ಹೇಳಬೇಕಾಯಿತು. ಕೇಳಿ ಮುಗಿದ ಮೇಲೂ ಎಮಿಲ್ ಗಾಡಿಯಿಂದ ಇಳಿಯದೆ ಸ್ಟಿಯರಿಂಗ್ ಹಿಡಿದು ಕೂತಿದ್ದ.

“ಪುಸ್ತಕ ತಗೊಂಡ್ ಬಾ ಅಂದ್ರಲ್ಲಪ್ಪಾ.”

“ಈಗ ಖಾಲಿ ಕೈಲಿ ಬಾ ಅಂದಿದಾರೆ,” ಎಂದ ತಂದೆ.

ಖಾಲಿ ಕೈಯಲ್ಲೇನೂ ಅವನು ಬರಲಿಲ್ಲ. ತಾಯಿ ಕೊಟ್ಟ ಕೊಲಾಚಿಯ ದೊಡ್ಡ ಡಬ್ಬಿ ಇತ್ತು. ನಮ್ಮ ಅಡುಗೆಮನೆಯ ಮೇಜಿನ ಮೇಲೆ ಅದನ್ನಿಟ್ಟು, ಯಾರ ಮುಖವನ್ನೂ ನೋಡದೆ ಚೀಲ ಹಿಡಿದು ಮೇಲೆ ಹೋದ. ಸ್ವಲ್ಪ ಹೊತ್ತಿಗೆ, ತೇವಕ್ಕೆ ಉಬ್ಬಿದ ಮರದ ಡ್ರಾಯರು ಕಿರುಗುಟ್ಟಿದ ಸದ್ದು ಕೇಳಿತು. ಬೆಕ್ಕು ಸಿಟ್ಟಿನಿಂದ ಮೆಟ್ಟಿಲಿಳಿದು ಬಂತು. ಒರೆಸುವ ಬಟ್ಟೆ ಕೈಯಲ್ಲಿ ಹಿಡಿದು ಮೆಟ್ಟಿಲ ಬುಡದಲ್ಲಿ ನಿಂತಿದ್ದ ವಿಲ್ಮಾ, ಅವನು ಇಳಿಯುವುದನ್ನೂ ಕಾಯದೆ ಮೇಲೆ ಹೋಗಿ ಡ್ರಾಯರು ಎಳೆದು ನೋಡಿದಳು. ಎರಡು ಅಂಗಿ ಇದ್ದವು. ಚೀಲ ಮತ್ತೆ ಬಾಗಿಲ ಪಕ್ಕದಲ್ಲಿತ್ತು.

“ಎರಡೇನಾ?”

“ಸದ್ಯಕ್ಕೆ,” ಎಂದ ಎಮಿಲ್.

ಆಮೇಲೆ ಮೂರು ವರ್ಷ ಅವನು ನಾಯಕನಾಗಿದ್ದ. ಮೈದಾನದ ಕಾವಲುಗಾರ ಪತ್ರಿಕೆ ಓದಿ, “ಸ್ಟ್ಯಾನ್, ಆ ಎಮಿಲ್ ಅನ್ನೋನ್ನ ನಾಯಕ ಮಾಡಿದಾರಂತಲ್ಲ, ಹೇಗಿದಾನೆ ಆಸಾಮಿ?” ಎಂದು ಕೇಳಿದಾಗ, “ಪರವಾಗಿಲ್ಲ,” ಎಂದನಂತೆ ಎಮಿಲ್. ಆ ಮೂರು ವರ್ಷ ಮುಗಿದ ಆಗಸ್ಟಿನಲ್ಲಿ ಇವನಿಗಿಂತ ನೆಟ್ಟಗೆ, ಇವನಿಗಿಂತ ಬಿರುಸಾಗಿ ಎಸೆಯುವ ಒಬ್ಬ ಬಂದಿದ್ದ. ಅವನ ಹೆಸರನ್ನೂ ಯಾರೂ ಕರೆದಿರಲಿಲ್ಲವಂತೆ. ಕಾರ್ವರ್ ಎಮಿಲನ ಬಳಿಗೆ ಬಂದು ಬಹಳ ಹೊತ್ತು ನಿಂತು, ಕೊನೆಗೆ, “ಎಮಿಲ್, ಈ ಸಲ ನಿಜ,” ಎಂದ. ಎಮಿಲ್ ಎದ್ದು, ಪುಸ್ತಕ ಹಿಡಿದು, ಓಣಿಯ ನಡುವೆ ನಡೆದುಕೊಂಡು ಹೋಗಿ, ಕೋಚನ ಎದುರು ಕೂತು ಅವನ ಅಳುವೆಲ್ಲ ಮುಗಿಯುವವರೆಗೂ ಇದ್ದು ಬಂದ.

ಅವನು ಊರಿಗೆ ಹೋದ ಮರುವಾರ ಕೋಣೆ ಗುಡಿಸುವಾಗ ಡ್ರಾಯರಿನಲ್ಲಿ ಆ ಎರಡು ಅಂಗಿಗಳು ಸಿಕ್ಕವು. ಮರೆತು ಹೋಗಿದ್ದಾನೆ, ಅಂಚೆಯಲ್ಲಿ ಕಳಿಸೋಣ ಎಂದೆ.

“ಅವನು ಮರೆಯೋನಲ್ಲ,” ಎಂದಳು ವಿಲ್ಮಾ, ಡ್ರಾಯರು ಮುಚ್ಚುತ್ತ. “ಅಲ್ಲೇ ಇರ್ಲಿ.” ಈಗಲೂ ಕೋಣೆ ನೋಡಲು ಬಂದವರಿಗೆ ಅವಳು ಕೆಳಗಿನ ಡ್ರಾಯರು ಬಿಟ್ಟು ಉಳಿದದ್ದೆಲ್ಲ ನಿಮ್ಮದು ಎನ್ನುತ್ತಾಳೆ.

ಹೆಸರು ಕರೆಸಿಕೊಂಡು ಬಂದವರನ್ನು ನಾನು ಬಹಳ ಕಂಡಿದ್ದೇನೆ, ಅವರ ಬಗ್ಗೆಯೇ ಬಹಳ ಬರೆದಿದ್ದೇನೆ. ಅವರು ಬಂದಲ್ಲೆಲ್ಲ ಮನೆ ಕಟ್ಟುತ್ತಾರೆ, ಮಾರುತ್ತಾರೆ, ಹೋಗುತ್ತಾರೆ, ಅವರ ಹೆಸರು ಗೋಡೆಗಳ ಮೇಲೆ ಉಳಿಯುತ್ತದೆ. ಕರೆಯದೆ ಬಂದವರ ಜಾತಿಯೇ ಬೇರೆ. ಲೋಕ ಅವರಿಗೆ ಬಾ ಎಂದು ಹೇಳಿರುವುದಿಲ್ಲವಾದ್ದರಿಂದ ಹೋಗು ಎಂಬ ಮಾತಿಗೆ ಅವರು ದಿನವೂ ಕಿವಿಗೊಟ್ಟು ಕಾಯುತ್ತಾರೆ, ಕಾಯುತ್ತಲೇ ತಮ್ಮ ಕೆಲಸವನ್ನು ಕೂದಲೆಳೆಯಷ್ಟೂ ತಪ್ಪದೆ ಮಾಡುತ್ತಾರೆ, ಮತ್ತು ಒಂದು ದಿನ ನಿಜವಾಗಿ ಬಾ ಎಂದವರ ದನಿಯೂ ಅವರಿಗೆ ಹೋಗು ಎಂದೇ ಕೇಳಿಸುತ್ತದೆ. ಅಂಥವರನ್ನು ಕರೆಯಬೇಕಾದವರು ಸ್ವಲ್ಪ ಗಟ್ಟಿಯಾಗಿ, ಬಿಡಿಸಿ, ಎರಡು ಸಲ ಕರೆಯಬೇಕು. ಕರೆದರೆ, ಅವರು ಇರುವುದು ಮೂರೇ ವರ್ಷವಾದರೂ, ಹೋದ ಮೇಲೂ ಆ ಮನೆಯಲ್ಲಿ ಅವರದೆಂದು ಎರಡು ಅಂಗಿ ಇರುತ್ತವೆ.